ವ್ರಣಶೋಧನವೂ ಮದ್ಯತ್ಯಾಗವೂ: ಮಧುಗಿರಿ ಸೀಮೆಯ ನೆವದಲ್ಲಿ ಒಂದು ವಿಚಾರ

ಮಧುಗಿರಿಗೆ ಆ ಹೆಸರು ಬೆಟ್ಟದ ಜೇನುಗಳಿಂದ ಬಂದುದೆಂಬುದು ರೂಢಿಯ ಮಾತು. ಆದರೆ ಸಂಸ್ಕೃತದ ‘ಮಧು’ ಜೇನೂ ಹೌದು, ಮದ್ಯವೂ ಹೌದು. ವೈದ್ಯದ ಓಲೆಗಳಲ್ಲಿ ಅತಿಮಧುರ ಮತ್ತು ಇಪ್ಪೆಗಳನ್ನು ಹೇಳುವ ‘ಮಧುಕ’ವೂ ಇದರ ಜೊತೆಗೆ ಬರುವುದರಿಂದ, ಲಿಪಿಕಾರನು ಒಂದಕ್ಷರ ಬಿಟ್ಟರೆ ಮದ್ದೇ ಬೇರೆಯಾಗುತ್ತದೆ. ಜೈನ ಗ್ರಂಥದಲ್ಲಾದರೋ ಗ್ರಂಥಕಾರನ ವ್ರತವೇ ಸಂದೇಹಕ್ಕೆ ಒಳಗಾಗುತ್ತದೆ.

ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯನ ‘ಕಲ್ಯಾಣಕಾರಕ’ವೂ, ಪೂಜ್ಯಪಾದರ ಕೃತಿಯನ್ನು ಸುಮಾರು 1150ರಲ್ಲಿ ಕನ್ನಡಿಸಿದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವೂ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸೆಗೆ ಹೆಸರಾದವು. ಹಾಗಾದರೆ ಗಾಯಾಳುವಿಗೆ ಇದರಿಂದ ನಷ್ಟವಾಯಿತೆ? ಪ್ರಶ್ನೆ ಕೇವಲ ಶಾಸ್ತ್ರೀಯವಲ್ಲ. ಮಧುಗಿರಿ, ಕೊರಟಗೆರೆ, ಪಾವಗಡಗಳು ದುರ್ಗಗಳ ನಾಡು. ಶಿರಾ 1687ರಿಂದ ಮೊಗಲರ ಪ್ರಾಂತ್ಯದ ಆಡಳಿತ ಕೇಂದ್ರ. ಇಲ್ಲಿ ಕತ್ತಿಯ ಗಾಯಕ್ಕೆ ಬರವಿರಲಿಲ್ಲ. ಶ್ರಾವಕರೂ ಇದ್ದರು. ಪಾವಗಡ ಸೀಮೆಯ ನಿಡುಗಲ್ಲಿನಲ್ಲಿ ಇರುಂಗೋಳನ ಕಾಲದಲ್ಲಿ, 1232ರಲ್ಲಿ, ಗಂಗೇಯನ ಮಾರೆಯನು ಪಾರ್ಶ್ವಜಿನನ ಬಸದಿಯನ್ನು ಕಟ್ಟಿಸಿದನು.

ಗ್ರೀಸಿನಲ್ಲಿ ಹಿಪ್ಪೊಕ್ರಾತನ ಪರಂಪರೆಯವರು ವ್ರಣವನ್ನು ದ್ರಾಕ್ಷಾಮದ್ಯದಿಂದ ತೊಳೆಯುತ್ತಿದ್ದರು. ಸುಶ್ರುತನ ಶಸ್ತ್ರಕರ್ಮದಲ್ಲಿ ಮದ್ಯವು ಬರುವುದು ಮುಖ್ಯವಾಗಿ ಕುಡಿಸುವುದಕ್ಕೆ, ವೇದನೆಯನ್ನು ತಾಳಲಾರದವನಿಗಾಗಿ. ವ್ರಣವನ್ನು ತೊಳೆಯುವುದಕ್ಕೆ ಅವನು ವಿಧಿಸುವುದು ಬಹುಮಟ್ಟಿಗೆ ಕಷಾಯಗಳನ್ನು. ಆದುದರಿಂದ ಮದ್ಯವನ್ನು ಬಿಟ್ಟ ಜೈನ ವೈದ್ಯನು ನೋವನ್ನು ಮರೆಸುವ ಒಂದು ಉಪಾಯವನ್ನು ಕಳೆದುಕೊಂಡನೆನ್ನಬಹುದು, ಶೋಧನದ್ರವ್ಯವನ್ನಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಬರೆದವರುಂಟು.

ಈ ಸೀಮೆಯ ಈಚಲ ಹೆಂಡದಿಂದಂತೂ ಪ್ರಯೋಜನವಿರಲಿಲ್ಲ. ಹುಳಿಹಿಡಿದ ಹೆಂಡದಲ್ಲಿ ಮದ್ಯಸಾರವು ನೂರಕ್ಕೆ ಹತ್ತು ಭಾಗವನ್ನೂ ಮುಟ್ಟುವುದು ವಿರಳ. ರೋಗಾಣುಗಳನ್ನು ಬೇಗನೆ ಕೊಲ್ಲಲು ಅರುವತ್ತಕ್ಕೆ ಮೇಲ್ಪಟ್ಟು ಬೇಕು. ಅಂತಹ ತೀಕ್ಷ್ಣ ಸಾರವೂ ತೆರೆದ ಗಾಯದ ಜೀವಂತ ಮಾಂಸವನ್ನು ಸುಡುವುದರಿಂದ, ಇಂದಿನ ವೈದ್ಯರು ಅದನ್ನು ಸೂಜಿ ಚುಚ್ಚುವ ಮುನ್ನ ಗಾಯವಿಲ್ಲದ ಚರ್ಮಕ್ಕೆ ಹಚ್ಚುತ್ತಾರೆಯೇ ಹೊರತು ಗಾಯಕ್ಕೆ ಶುದ್ಧ ನೀರನ್ನೇ ಬಳಸುತ್ತಾರೆ. ಕಷಾಯವೂ ಕುದಿಸಿ ಇಂಗಿಸಿ ಶೋಧಿಸಿದ ನೀರೇ ಅಲ್ಲವೆ? ನೀರನ್ನು ಗಾಲಿಸಿ ಪ್ರಾಸುಕಗೊಳಿಸಿ ಬಳಸುವ ಆಚಾರವುಳ್ಳವರಿಗೆ ಅದು ಹೊಸತಲ್ಲ.

ಇನ್ನೂ ಸ್ವಾರಸ್ಯವಾದುದು ತೊಗಟೆಗಳ ವಿಚಾರ. 959ರಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದ ಸೋಮದೇವಸೂರಿಯು ಹೇಳುವ ಅಷ್ಟಮೂಲಗುಣಗಳಲ್ಲಿ ಮೂರು ಮಕಾರಗಳೊಡನೆ ಪಂಚೋದುಂಬರ ಫಲಗಳ ತ್ಯಾಗವೂ ಸೇರಿದೆ. ವ್ರಣವನ್ನು ತೊಳೆಯುವ ಕಷಾಯಕ್ಕೆ ಆಯುರ್ವೇದವು ಬೇಡುವುದು ಅದೇ ಆಲ, ಅತ್ತಿ, ಅರಳಿ, ಬಸರಿಗಳ ತೊಗಟೆಯನ್ನು! ನಿಷೇಧವು ಹಣ್ಣಿನೊಳಗಣ ಜಂತುಗಳ ದೆಸೆಯಿಂದ ಬಂದುದು. ತೊಗಟೆಗೆ ಆ ಬಾಧಕವಿಲ್ಲ. ಮೂಲಿಕೆಗಳಿಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟದ ಆಸುಪಾಸಿನಲ್ಲಿ ಇಂತಹ ಮರಗಳಿಗೆ ಕೊರತೆಯೂ ಇಲ್ಲ.

ಆದಕಾರಣ ಜೈನ ವೈದ್ಯದ ಓಲೆಯಲ್ಲಿ, ವ್ರಣಶೋಧನದ ಪ್ರಕರಣದಲ್ಲಿ ‘ಮಧು’ ಎಂದು ಕಂಡೊಡನೆ ಗ್ರಂಥಕಾರನು ನಿಯಮ ಮೀರಿದನೆಂದು ಬರೆಯಲಾಗದು. ಛಂದಸ್ಸು ಒಂದಕ್ಷರವನ್ನು ಬೇಡುತ್ತಿದೆಯೇ, ನೆರೆಯ ಪದಗಳು ಬೇರು ತೊಗಟೆಗಳೇ ಎಂಬುದನ್ನು ಪರೀಕ್ಷಿಸಿ, ‘ಮಧುಕ’ವೆಂಬ ಪಾಠಾಂತರವನ್ನು ಇತರ ಪ್ರತಿಗಳಲ್ಲಿ ಹುಡುಕುವುದು ಸಂಪಾದಕನ ಮೊದಲ ಕೆಲಸ.