ಶಾಲೆಗಳಲ್ಲಿ ಗಣಕವಿಜ್ಞಾನ: ಯಂತ್ರದ ಲಭ್ಯತೆ ಮತ್ತು ವಿದ್ಯೆಯ ಲಭ್ಯತೆ

ಗಣಕಯಂತ್ರವು ನಮ್ಮ ದೇಶದ ಶಾಲೆಗಳನ್ನು ಪ್ರವೇಶಿಸಿ ನಾಲ್ಕು ದಶಕಗಳು ಸಂದಿದ್ದರೂ, ಗಣಕವಿಜ್ಞಾನವೆಂಬ ಶಾಸ್ತ್ರವು ಆ ಶಾಲೆಗಳಲ್ಲಿ ಎಷ್ಟರಮಟ್ಟಿಗೆ ನೆಲೆಗೊಂಡಿದೆಯೆಂಬ ಪ್ರಶ್ನೆಗೆ ಸರ್ಕಾರದ ಅಂಕಿ ಅಂಶಗಳಲ್ಲಿ ಉತ್ತರ ದೊರೆಯುವುದಿಲ್ಲ. ಕೇಂದ್ರ ಶಿಕ್ಷಣ ಮಂತ್ರಾಲಯವು ಪ್ರಕಟಿಸುವ ಯುಡೈಸ್ ಪ್ಲಸ್ ವರದಿಯಂತೆ 2023-24ರಲ್ಲಿ ದೇಶದ ಶೇಕಡ 57.2ರಷ್ಟು ಶಾಲೆಗಳಿಗೆ ಗಣಕಯಂತ್ರದ ಸೌಲಭ್ಯವಿದ್ದಿತು. 2024-25ರಲ್ಲಿ ಆ ಪ್ರಮಾಣವು 64.7ಕ್ಕೂ, ಅಂತರ್ಜಾಲ ಸಂಪರ್ಕದ ಪ್ರಮಾಣವು 53.9ರಿಂದ 63.5ಕ್ಕೂ ಏರಿತು. ಒಂದೇ ವರ್ಷದಲ್ಲಿ ಇಷ್ಟು ವೃದ್ಧಿಯಾದುದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಶಾಲೆಯಲ್ಲಿ ಯಂತ್ರವುಂಟೇ ಎಂಬುದನ್ನು ತಿಳಿಸುವ ಈ ಅಂಕಿಗಳು, ಆ ಯಂತ್ರದ ಮುಂದೆ ಒಬ್ಬ ವಿದ್ಯಾರ್ಥಿಗೆ ವಾರದಲ್ಲಿ ಎಷ್ಟು ಪೀರಿಯಡ್ ದೊರೆಯುತ್ತದೆ, ಆ ಪೀರಿಯಡಿನಲ್ಲಿ ಕಲಿಸುವವರು ಯಾರು, ಕಲಿಸುವುದು ಏನು ಎಂಬ ಮೂರು ವಿಷಯಗಳಲ್ಲಿಯೂ ಮೌನವಾಗಿವೆ. ಈ ಮೂರರಲ್ಲಿ ಎರಡನೆಯದೇ ಉಳಿದೆರಡನ್ನೂ ನಿರ್ಧರಿಸುವಂಥದೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಮೊದಲು ವಿಷಯದ ಎಲ್ಲೆಯನ್ನು ಗುರುತಿಸಿಕೊಳ್ಳುವುದು ಯುಕ್ತ. ಪತ್ರವನ್ನು ಬೆರಳಚ್ಚಿಸುವುದು, ಲೆಕ್ಕದ ತಖ್ತೆಯನ್ನು ಸಿದ್ಧಪಡಿಸುವುದು, ಅಂತರ್ಜಾಲದಲ್ಲಿ ಮಾಹಿತಿಯನ್ನು ಹುಡುಕುವುದು ಮೊದಲಾದವು ಬಳಕೆಯ ಕೌಶಲಗಳು. ಅವು ಉಪಯುಕ್ತವಾದರೂ ತಂತ್ರಾಂಶ ಬದಲಾದೊಡನೆ ಬಹುಪಾಲು ಹಳತಾಗುವಂಥವು. ಸಮಸ್ಯೆಯೊಂದನ್ನು ಅಂಗಾಂಗವಾಗಿ ವಿಭಜಿಸಿ, ಪ್ರತಿಯೊಂದು ಅಂಗಕ್ಕೂ ಸಂದೇಹಕ್ಕೆ ಎಡೆಗೊಡದ ಕ್ರಮವಿಧಿಯನ್ನು ರಚಿಸಿ, ಅದನ್ನು ಯಂತ್ರವು ಗ್ರಹಿಸುವ ಭಾಷೆಯಲ್ಲಿ ಬರೆದು, ಎಡವಿದ ಸ್ಥಳವನ್ನು ತಾನೇ ಶೋಧಿಸಿ ತಿದ್ದಿಕೊಳ್ಳುವ ವಿದ್ಯೆಯಾದರೋ ಬೇರೆಯೇ ಜಾತಿಯದು. ಇದು ಮಕ್ಕಳಿಗೂ ಸಾಧ್ಯವೆಂದು ತೋರಿಸಲು ಸೇಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಷ್ಟು ಹಿಂದೆಯೇ ಲೋಗೊ ಭಾಷೆಯನ್ನು ನಿರ್ಮಿಸಿದರು. 2006ರಲ್ಲಿ ಜೀನೆಟ್ ವಿಂಗ್ ಅವರು ಇದನ್ನು ಗಣನಾತ್ಮಕ ಚಿಂತನೆಯೆಂದು ಕರೆದು, ಓದು, ಬರಹ, ಲೆಕ್ಕಗಳ ಪಂಕ್ತಿಯಲ್ಲಿ ಕೂರಿಸಬೇಕೆಂದು ವಾದಿಸಿದ ತರುವಾಯ ಶಿಕ್ಷಣತಜ್ಞರ ಗಮನ ಈ ಕಡೆಗೆ ಹೆಚ್ಚಾಗಿ ಹರಿಯಿತು.

ಭಾರತದ ಪ್ರಥಮ ಪ್ರಯತ್ನವಾದ 'ಕ್ಲಾಸ್' ಯೋಜನೆಯು 1984-85ರಲ್ಲಿ ಆರಂಭವಾದಾಗ ಆರಿಸಿಕೊಂಡ ಯಂತ್ರವು ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯ ಬಿಬಿಸಿ ಮೈಕ್ರೊ. ಸುಮಾರು 12,000 ಯಂತ್ರಗಳು ರಾಜ್ಯ ಸರ್ಕಾರಗಳ ಮೂಲಕ ಪ್ರೌಢ ಹಾಗೂ ಉಚ್ಚಪ್ರೌಢ ಶಾಲೆಗಳಿಗೆ ಹಂಚಲ್ಪಟ್ಟವು. ಎಂಟನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಅದು ಕೇಂದ್ರ ಪುರಸ್ಕೃತ ಯೋಜನೆಯಾಗಿ ಮುಂದುವರಿಯಿತು. ಯಂತ್ರವನ್ನು ಒದಗಿಸುವ ಹೊಣೆ ಒಬ್ಬರದು, ಕಲಿಸುವ ಹೊಣೆ ಕರಾರಿನ ಮೇಲೆ ಬಂದ ಮತ್ತೊಬ್ಬರದು, ಶಾಲೆಯ ಅಧ್ಯಾಪಕನದು ಬೀಗದ ಕೈಯನ್ನು ಕಾಯುವ ಹೊಣೆ ಎಂಬ ವಿಭಜನೆಯ ಬೀಜ ಅಲ್ಲಿಯೇ ಬಿದ್ದಿತು. ಅದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ.

ಆ ಯಂತ್ರದ ತವರಿನಲ್ಲಿ ನಡೆದ ಕಥೆಯಾದರೂ ಬೋಧಪ್ರದವಾದುದು. ಬಿಬಿಸಿ ಮೈಕ್ರೊವಿನ ಮುಂದೆ ಕುಳಿತ ಎಂಬತ್ತರ ದಶಕದ ಆಂಗ್ಲ ಬಾಲಕನಿಗೆ ತೆರೆಯ ಮೇಲೆ ಕಾಣುತ್ತಿದ್ದುದು ಆಜ್ಞೆಯನ್ನು ನಿರೀಕ್ಷಿಸುವ ಒಂದು ಚಿಹ್ನೆ ಮಾತ್ರ. ಬೇಸಿಕ್ ಭಾಷೆಯಲ್ಲಿ ಏನನ್ನಾದರೂ ಬರೆಯದ ಹೊರತು ಯಂತ್ರವು ಏನನ್ನೂ ಮಾಡುತ್ತಿರಲಿಲ್ಲ. ಮುಂದೆ ಸಿದ್ಧ ತಂತ್ರಾಂಶಗಳು ಹೆಚ್ಚಿದಂತೆಲ್ಲ ಶಾಲೆಯ ಪಾಠವು ಕಚೇರಿಯ ಗುಮಾಸ್ತಿಕೆಯ ತರಬೇತಿಯಾಗಿ ಕುಗ್ಗಿತು; ಯಂತ್ರಗಳ ಸಂಖ್ಯೆ ಬೆಳೆದು ಶಾಸ್ತ್ರವು ಸೊರಗಿತು. 2012ರ ಜನವರಿಯಲ್ಲಿ ರಾಯಲ್ ಸೊಸೈಟಿಯು ಈ ಅವನತಿಯನ್ನು ಬಿಚ್ಚುಮಾತಿನಲ್ಲಿ ಖಂಡಿಸಿ ವರದಿಯೊಂದನ್ನು ಹೊರಡಿಸಿದಾಗ ಅದನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಸ್ಟೀವ್ ಫರ್ಬರ್, ಅಂದರೆ ಬಿಬಿಸಿ ಮೈಕ್ರೊವನ್ನು ರೂಪಿಸಿದವರಲ್ಲಿ ಒಬ್ಬರು. ಯಂತ್ರವನ್ನು ಕೊಟ್ಟವರೇ ಯಂತ್ರದಿಂದ ವಿದ್ಯೆ ತಾನಾಗಿ ಹುಟ್ಟಲಿಲ್ಲವೆಂದು ಸಾಕ್ಷಿ ನುಡಿದಂತಾಯಿತು.

2014ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನಲ್ಲಿ ಐದು ವರ್ಷದ ಮಗುವಿನಿಂದ ಮೊದಲ್ಗೊಂಡು ಗಣಕವಿಜ್ಞಾನವು ಪಠ್ಯಕ್ರಮದ ಅಂಗವಾಯಿತು. ಕಾಗದದ ಮೇಲೆ ಇದಕ್ಕಿಂತ ಉದಾರವಾದ ಸುಧಾರಣೆಯನ್ನು ಊಹಿಸುವುದು ಕಷ್ಟ. ಆದರೆ 2017ರಲ್ಲಿ ಅದೇ ರಾಯಲ್ ಸೊಸೈಟಿ ಮತ್ತೆ ಪರಿಶೀಲಿಸಿದಾಗ, ಶೇಕಡ 54ರಷ್ಟು ಶಾಲೆಗಳು ಹದಿನಾರರ ಪ್ರಾಯದ ಪರೀಕ್ಷೆಗೆ ಈ ವಿಷಯವನ್ನು ಒದಗಿಸುತ್ತಲೇ ಇರಲಿಲ್ಲವೆಂದೂ, ಪರೀಕ್ಷೆಗೆ ಕುಳಿತವರಲ್ಲಿ ಹುಡುಗಿಯರು ಐವರಲ್ಲಿ ಒಬ್ಬರು ಮಾತ್ರವೆಂದೂ, ಹೊಸ ವಿಷಯವನ್ನು ಬೋಧಿಸುವ ಆತ್ಮವಿಶ್ವಾಸ ಅನೇಕ ಅಧ್ಯಾಪಕರಲ್ಲಿ ಇರಲಿಲ್ಲವೆಂದೂ ತಿಳಿದುಬಂದಿತು. ಸರ್ಕಾರವು ಅಧ್ಯಾಪಕರ ಶಿಕ್ಷಣವನ್ನೇ ಮುಖ್ಯವಾಗಿ ಉದ್ದೇಶಿಸಿ 84 ದಶಲಕ್ಷ ಪೌಂಡುಗಳನ್ನು ತೆಗೆದಿರಿಸಿದುದು ಅನಂತರದ ಮಾತು. ಪಠ್ಯಕ್ರಮ ಮೊದಲು, ಅಧ್ಯಾಪಕ ಅನಂತರ ಎಂಬ ಕ್ರಮವ್ಯತ್ಯಯಕ್ಕೆ ತೆತ್ತ ದಂಡವಿದು.

ಅಮೆರಿಕದ ಲಾಸ್ ಏಂಜಲೀಸ್ ನಗರದ ಮೂರು ಸಾರ್ವಜನಿಕ ಪ್ರೌಢಶಾಲೆಗಳನ್ನು ವರ್ಷಗಟ್ಟಲೆ ಪರಿಶೀಲಿಸಿ ಜೇನ್ ಮಾರ್ಗೋಲಿಸ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೊಂದು ಪಾರ್ಶ್ವವನ್ನು ಬೆಳಗಿಸುತ್ತದೆ. ಕಪ್ಪು ವರ್ಣದ ಹಾಗೂ ಲ್ಯಾಟಿನೊ ಮಕ್ಕಳೇ ಹೆಚ್ಚಾಗಿದ್ದ ಶಾಲೆಗಳಲ್ಲಿ ಯಂತ್ರಗಳಿಗೇನೂ ಬರಗಾಲವಿರಲಿಲ್ಲ. ಇಲ್ಲದಿದ್ದುದು ಬುದ್ಧಿಗೆ ಶ್ರಮ ಕೊಡುವ ಪಾಠ. 'ಇಂಥ ಮಕ್ಕಳಿಗೆ ಇಷ್ಟು ಸಾಕು' ಎಂಬ ಪೂರ್ವಗ್ರಹವು ವೇಳಾಪಟ್ಟಿಯ ರೂಪ ತಳೆದು, ಬೆರಳಚ್ಚನ್ನು ಒಬ್ಬರಿಗೂ ಕ್ರಮವಿಧಿ ರಚನೆಯನ್ನು ಮತ್ತೊಬ್ಬರಿಗೂ ಹಂಚುತ್ತಿತ್ತು. ನಮ್ಮಲ್ಲಿ ಜಾತಿ, ಲಿಂಗ, ಮಾಧ್ಯಮಗಳು ಇದೇ ಬಗೆಯ ಹಂಚಿಕೆಯನ್ನು ಸದ್ದಿಲ್ಲದೆ ಮಾಡುತ್ತಿಲ್ಲವೆಂದು ಯಾರು ತಾನೆ ಎದೆ ತಟ್ಟಿ ಹೇಳಬಲ್ಲರು?

ಈಗ ನೆರೆಹೊರೆಯ ಎರಡು ರಾಜ್ಯಗಳ ಅನುಭವಕ್ಕೆ ಬರೋಣ. ಪ್ರಸ್ತುತ ಪ್ರತಿಪಾದನೆಗೆ ಅತ್ಯಂತ ಸ್ಫುಟವಾದ ಸಾಕ್ಷ್ಯ ದೊರೆಯುವುದು ಇಲ್ಲಿಯೇ. ಕರ್ನಾಟಕವು 2001ರ ಸುಮಾರಿಗೆ ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ಉದ್ದೇಶಿಸಿ 'ಮಾಹಿತಿ ಸಿಂಧು' ಯೋಜನೆಯನ್ನು ಕೈಗೊಂಡಿತು. ಕೇಂದ್ರ ಸರ್ಕಾರದ ಐಸಿಟಿ ಯೋಜನೆ 2004ರಲ್ಲಿ ಬಂದ ಮೇಲೆ ಪ್ರಯೋಗಾಲಯಗಳ ವ್ಯಾಪ್ತಿ ಇನ್ನೂ ಹಿಗ್ಗಿತು. ಇವುಗಳಲ್ಲಿ ಅನುಸರಿಸಲಾದ ಪದ್ಧತಿಯು ಖಾಸಗಿ ಸಂಸ್ಥೆಯೊಂದು ಯಂತ್ರಗಳನ್ನು ಸ್ಥಾಪಿಸಿ, ಬೋಧಕರನ್ನು ತಾನೇ ನೇಮಿಸಿ, ಕರಾರಿನ ಐದು ವರ್ಷ ನಡೆಯಿಸಿ, ಕಡೆಗೆ ಸಲಕರಣೆಗಳನ್ನು ಶಾಲೆಗೆ ಒಪ್ಪಿಸಿ ಹೊರಟುಹೋಗುವಂಥದು. ಆಡಳಿತದ ಪರಿಭಾಷೆಯಲ್ಲಿ ಇದಕ್ಕೆ 'ಬೂಟ್' ಪದ್ಧತಿಯೆಂದು ಹೆಸರು. ಐದು ವರ್ಷ ಹಳೆಯದಾದ ಯಂತ್ರದ ಬೆಲೆಯೆಷ್ಟೆಂಬುದನ್ನು ಯಾವ ಅಂಗಡಿಯವನನ್ನು ಕೇಳಿದರೂ ಹೇಳಿಯಾನು. ಆದರೆ ನಿಜವಾದ ನಷ್ಟ ಅದಲ್ಲ. ಅಲ್ಪ ವೇತನದ ಮೇಲೆ ಬಂದಿದ್ದ ಆ ಬೋಧಕನು ಶಾಲೆಯ ಹಾಜರಿ ಪುಸ್ತಕಕ್ಕೆ ಸೇರಿದವನಲ್ಲವಾದುದರಿಂದ, ಐದು ವರ್ಷಗಳಲ್ಲಿ ಸಂಚಿತವಾದ ಅನುಭವವೆಲ್ಲವೂ ಕರಾರು ಮುಗಿದ ದಿನ ಅವನೊಡನೆಯೇ ಹೊರನಡೆಯಿತು. ಗಣಿತ ವಿಜ್ಞಾನಗಳ ಅಧ್ಯಾಪಕರು ಅಷ್ಟು ಕಾಲವೂ ಆ ಕೊಠಡಿಯನ್ನು ಪರರ ಸ್ವತ್ತೆಂದು ಭಾವಿಸಿ ದೂರವೇ ಉಳಿದಿದ್ದರು.

ಕೇರಳವು ಅದೇ ಕಾಲದಲ್ಲಿ ಹಿಡಿದ ಮಾರ್ಗವೇ ಬೇರೆ. ಅಲ್ಲಿಯ ಐಟಿ ಅಟ್ ಸ್ಕೂಲ್ ಯೋಜನೆಗೆ ಅಡಿಗಲ್ಲಾದ ವರದಿಯನ್ನು ಕೊಟ್ಟ ಕಾರ್ಯಪಡೆಯ ಅಧ್ಯಕ್ಷರು ಉಡುಪಿಯ ಸಮೀಪದ ಅದಮಾರಿನವರಾದ ಬಾಹ್ಯಾಕಾಶ ವಿಜ್ಞಾನಿ ಯು. ಆರ್. ರಾವ್ ಎಂಬುದನ್ನು ಇಲ್ಲಿ ಸ್ಮರಿಸದಿರುವುದು ಕನ್ನಡಿಗನಿಗೆ ಕಷ್ಟ. ಬೋಧನೆಯನ್ನು ಹೊರಗಿನವರಿಗೆ ಗುತ್ತಿಗೆ ಕೊಡದೆ, ಇದ್ದ ಅಧ್ಯಾಪಕರಲ್ಲಿಯೇ ಆಸಕ್ತರನ್ನು ಆರಿಸಿ ತರಬೇತಿಗೊಳಿಸಿ, ಅವರಿಂದ ಉಳಿದವರಿಗೆ ಕಲಿಸಿ, ಪ್ರತಿಯೊಂದು ಶಾಲೆಯಲ್ಲಿಯೂ ಅಧ್ಯಾಪಕನೊಬ್ಬನನ್ನೇ ಸಂಯೋಜಕನನ್ನಾಗಿ ನಿಲ್ಲಿಸಿದುದು ಆ ಯೋಜನೆಯ ಪ್ರಾಣ. ಸ್ವತಂತ್ರ ತಂತ್ರಾಂಶವನ್ನು ಅಂಗೀಕರಿಸಿದುದರಿಂದ ಪರವಾನಗಿಯ ವೆಚ್ಚ ತಪ್ಪಿತು. ಮಲಯಾಳದಲ್ಲಿ ಪಠ್ಯವನ್ನೂ ತೆರೆಯ ಮೇಲಿನ ಸೂಚನೆಗಳನ್ನೂ ಒದಗಿಸುವ ಸ್ವಾತಂತ್ರ್ಯವೂ ದೊರೆಯಿತು. ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಸ್ಥಾನ ಸಿಕ್ಕಿತು. 2018ರಲ್ಲಿ ಆರಂಭವಾದ 'ಲಿಟ್ಲ್ ಕೈಟ್ಸ್' ಎಂಬ ವಿದ್ಯಾರ್ಥಿ ಸಂಘಗಳು ಈ ತಳಹದಿಯ ಮೇಲೆಯೇ ನಿಂತವು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಗುತ್ತಿಗೆಯ ಪದ್ಧತಿಯನ್ನೂ ಕೇರಳದ ಪದ್ಧತಿಯನ್ನೂ ತುಲನೆ ಮಾಡಿ ಎರಡನೆಯದರ ಪರವಾಗಿ ನಿರ್ಣಯ ಕೊಟ್ಟಿತು. ಕರ್ನಾಟಕವೂ ಪಾಠ ಕಲಿಯಲಿಲ್ಲವೆಂದು ಹೇಳುವುದು ಅನ್ಯಾಯವಾದೀತು: ವಿಷಯ ಶಿಕ್ಷಕರ ವೇದಿಕೆ, ತರುವಾಯ 2016-17ರ ತಂತ್ರಜ್ಞಾನಾಧಾರಿತ ಕಲಿಕಾ ಕಾರ್ಯಕ್ರಮ, ಇವೆರಡೂ ಅಧ್ಯಾಪಕನನ್ನೇ ಕೇಂದ್ರದಲ್ಲಿರಿಸಿಕೊಂಡವು. ಕೇರಳವನ್ನು ನಿರ್ದುಷ್ಟವೆನ್ನುವುದೂ ಬೇಡ. ಅಲ್ಲಿಯ ಪಠ್ಯವೂ ಬಹುಕಾಲ ತಂತ್ರಾಂಶಗಳ ಬಳಕೆಗೆ ಕೊಟ್ಟಷ್ಟು ಒತ್ತನ್ನು ಶಾಸ್ತ್ರಕ್ಕೆ ಕೊಡಲಿಲ್ಲ. ಆದರೆ ಪಠ್ಯವನ್ನು ತಿದ್ದಬಲ್ಲ ಅಧ್ಯಾಪಕವರ್ಗ ಅಲ್ಲಿ ಶಾಲೆಯೊಳಗೇ ಇದ್ದಿತೆಂಬುದು ಗಮನಾರ್ಹ.

ಯಂತ್ರವೇ ಇಲ್ಲದ ಶಾಲೆಯ ಮಾತೇನು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದಲ್ಲಿ ಕೋಡಿಂಗ್ ಚಟುವಟಿಕೆಗಳನ್ನು ವಿಧಿಸಿರುವಾಗ ಈ ಪ್ರಶ್ನೆ ತಪ್ಪಿಸಿಕೊಳ್ಳುವಂಥದಲ್ಲ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಮಿತ್ರರು ತೊಂಬತ್ತರ ದಶಕದಲ್ಲಿ ರೂಪಿಸಿದ ಯಂತ್ರರಹಿತ ಪಾಠಗಳು ಇದಕ್ಕೆ ಒಂದು ಸಮಾಧಾನ. 16, 8, 4, 2, 1 ಚುಕ್ಕೆಗಳುಳ್ಳ ಐದು ರಟ್ಟಿನ ಚೀಟಿಗಳನ್ನು ಐವರು ಮಕ್ಕಳ ಕೈಗೆ ಕೊಟ್ಟು, ಕೆಲವನ್ನು ತೋರಿಸಿ ಕೆಲವನ್ನು ಮಡಿಸಿಡುವುದರಿಂದಲೇ ಸೊನ್ನೆಯಿಂದ 31ರ ಪರ್ಯಂತ ಎಲ್ಲ ಸಂಖ್ಯೆಗಳನ್ನೂ ಸೂಚಿಸಬಹುದೆಂದು ಅವರೇ ಕಂಡುಕೊಳ್ಳುವಂತೆ ಮಾಡಿದರೆ ದ್ವಿಮಾನ ಪದ್ಧತಿಯ ತತ್ತ್ವ ಕೈವಶವಾಯಿತು. ಕನ್ನಡ ಮಾಧ್ಯಮದ ಮಕ್ಕಳಿಗೆ ಇದಕ್ಕಿಂತಲೂ ಹತ್ತಿರದ ದಾರಿಯೊಂದುಂಟು. ಪ್ರೌಢಶಾಲೆಯ ಕನ್ನಡ ಪಂಡಿತರು ಅಕ್ಷರಗಣಗಳನ್ನು ಪಾಠ ಹೇಳುವಾಗ, ಲಘು ಗುರುಗಳೆಂಬ ಎರಡೇ ಬೆಲೆಗಳನ್ನು ಮೂರು ಸ್ಥಾನಗಳಲ್ಲಿ ಇರಿಸಿದರೆ ಎಂಟೇ ಗಣಗಳಾಗುತ್ತವೆಂಬುದನ್ನು ಪ್ರತಿವರ್ಷವೂ ಕಲಿಸುತ್ತಾರೆ. 'ಯಮಾತಾರಾಜಭಾನಸಲಗಂ' ಎಂಬ ಸೂತ್ರದ ಹತ್ತು ಅಕ್ಷರಗಳಲ್ಲಿ ಒಂದೊಂದೇ ಅಕ್ಷರ ಮುಂದೆ ಸರಿಯುತ್ತ ಮೂರುಮೂರನ್ನು ಹಿಡಿದರೆ ಎಂಟು ಗಣಗಳೂ ಒಂದೊಂದು ಬಾರಿ ಮಾತ್ರ ಬರುವುದು ಗಣಕವಿಜ್ಞಾನಿಗೂ ಪ್ರಿಯವಾದ ರಚನೆ. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯು ಷಟ್ಪ್ರತ್ಯಯ ಪ್ರಕರಣದಲ್ಲಿ ಇಂಥ ವಿನ್ಯಾಸಗಳನ್ನು ಪ್ರಸ್ತಾರಗೊಳಿಸುವ ಕ್ರಮವಿಧಿಯನ್ನೇ ನಿರೂಪಿಸುತ್ತದೆ. ನಮ್ಮ ಪ್ರಾಚೀನರು ಗಣಕಯಂತ್ರವನ್ನು ಬಲ್ಲವರಾಗಿದ್ದರೆಂಬ ಹಗುರವಾದ ಹೆಮ್ಮೆಗೆ ನಾನು ಬಾಯಿಗೂಡಿಸುವವನಲ್ಲ. ಕನ್ನಡ ಪಂಡಿತರ ಪಾಠಕ್ಕೂ ಗಣಕದ ಪಾಠಕ್ಕೂ ನಡುವೆ ಬಾಗಿಲೊಂದು ಆಗಲೇ ತೆರೆದಿದೆಯೆಂದಷ್ಟೇ ಹೇಳುತ್ತೇನೆ. ಆ ಬಾಗಿಲನ್ನು ದಾಟಿಸುವುದಕ್ಕೂ ಬೇಕಾದುದು ಎರಡು ಕಡೆಯನ್ನೂ ಬಲ್ಲ ಅಧ್ಯಾಪಕನೇ.

ಅಧ್ಯಾಪಕನ ಅವಶ್ಯಕತೆಯೇ ಇಲ್ಲವೆಂಬ ವಾದವೂ ಒಮ್ಮೆ ಬಹಳ ಜನಪ್ರಿಯವಾಗಿತ್ತು. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರ ಅವರು ಗೋಡೆಯೊಂದರಲ್ಲಿ ಯಂತ್ರವನ್ನು ಅಳವಡಿಸಿ, ಕೊಳೆಗೇರಿಯ ಮಕ್ಕಳು ತಾವಾಗಿ ಅದನ್ನು ಬಳಸಲು ಕಲಿತುದನ್ನು ಲೋಕಕ್ಕೆ ತೋರಿಸಿದರು. ಮಕ್ಕಳ ಕುತೂಹಲಕ್ಕೆ ಅದು ಅಮೋಘವಾದ ನಿದರ್ಶನ. ಆದರೆ ಬಳಸಲು ಕಲಿಯುವುದಕ್ಕೂ ಶಾಸ್ತ್ರವನ್ನು ಕಲಿಯುವುದಕ್ಕೂ ಇರುವ ಅಂತರವನ್ನು ಆ ಗೋಡೆ ತುಂಬಿಕೊಡಲಾರದು. ಗುಂಪಿನಲ್ಲಿ ಮುಂದೆ ನುಗ್ಗಲಾರದ ಹುಡುಗಿಗಂತೂ ಅದು ದೂರದಿಂದ ನೋಡುವ ವಸ್ತುವಾಗಿಯೇ ಉಳಿಯುವ ಅಪಾಯವುಂಟು.

ಅಧ್ಯಾಪಕರನ್ನು ಎಲ್ಲಿಂದ ತರುವುದೆಂಬ ಆಕ್ಷೇಪಣೆ ನ್ಯಾಯವಾದುದೇ. ಗಣಕವಿಜ್ಞಾನದ ಪದವೀಧರನು ಬೆಂಗಳೂರಿನ ಸಂಸ್ಥೆಗಳು ನೀಡುವ ವೇತನವನ್ನು ಬಿಟ್ಟು ಹಳ್ಳಿಯ ಶಾಲೆಗೆ ಬರುವನೆಂದು ನಿರೀಕ್ಷಿಸುವುದು ವ್ಯವಹಾರಜ್ಞಾನದ ಲಕ್ಷಣವಲ್ಲ. ಆದುದರಿಂದಲೇ ಹೊಸಬರನ್ನು ಅರಸುವುದಕ್ಕಿಂತ, ಈಗಾಗಲೇ ಸೇವೆಯಲ್ಲಿರುವ ಗಣಿತದ ಅಧ್ಯಾಪಕಿಗೆ ಈ ವಿದ್ಯೆಯನ್ನು ಕಲಿಸಿ, ಅದಕ್ಕೆ ತಕ್ಕಂತೆ ಅವರ ಉಳಿದ ಪೀರಿಯಡ್‌ಗಳನ್ನು ಇಳಿಸಿ, ಬಿ.ಎಡ್. ಶಿಕ್ಷಣದಲ್ಲಿ ಇದಕ್ಕೊಂದು ಬೋಧನಾ ವಿಧಾನದ ಪತ್ರಿಕೆಯನ್ನು ಸೇರಿಸುವುದು ಸಾಧುವಾದ ಮಾರ್ಗ. ನಮ್ಮ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಿಗೂ ಒಂದು ಬಿನ್ನಹವುಂಟು: ಗುತ್ತಿಗೆಯ ಅವಧಿ ತೀರಿದ ಪ್ರಯೋಗಾಲಯಗಳು ಒಂದೊಂದು ಜಿಲ್ಲೆಯಲ್ಲಿಯೂ ಇಂದು ಯಾವ ಸ್ಥಿತಿಯಲ್ಲಿವೆ, ಅಲ್ಲಿ ಯಾರು ಯಾವ ಪಾಠವನ್ನು ಎಷ್ಟು ಹೊತ್ತು ಹೇಳುತ್ತಿದ್ದಾರೆ ಎಂಬುದನ್ನು ಶಾಲೆಯಿಂದ ಶಾಲೆಗೆ ಹೋಗಿ ದಾಖಲಿಸುವ ಕಾರ್ಯವನ್ನು, ಮುಂದಿನ ಖರೀದಿಯ ಟೆಂಡರು ಹೊರಬೀಳುವುದಕ್ಕೆ ಮುಂಚೆಯೇ ಅವು ಕೈಗೆತ್ತಿಕೊಳ್ಳಬೇಕು.