ನುಡಿಯುವುದು ಮತ್ತು ಅರಿಯುವುದು

ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಗ ನನಗೆ ‘ಕವಿರಾಜಮಾರ್ಗ’ದ ಭಾಗಗಳು ಪಠ್ಯವಾಗಿದ್ದವು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಈ ಗ್ರಂಥವು ದಂಡಿಯ ‘ಕಾವ್ಯಾದರ್ಶ’ಕ್ಕೆ ಋಣಿಯೆಂದೂ, ಅದರ ಮೂರು ಪರಿಚ್ಛೇದಗಳಲ್ಲಿ ದೋಷಾದೋಷ, ಶಬ್ದಾಲಂಕಾರ, ಅರ್ಥಾಲಂಕಾರಗಳ ವಿವೇಚನೆಯಿದೆಯೆಂದೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆ. ಅಲಂಕಾರವೆಂದರೆ ಮಾತಿಗೆ ತೊಡಿಸುವ ಒಡವೆಯೆಂಬುದಷ್ಟೇ ಅಂದಿನ ನನ್ನ ತಿಳಿವಳಿಕೆ.

ಮದುವೆಯಾಗಿ ಅಮೆರಿಕೆಗೆ ಬಂದು, ಮಕ್ಕಳು ದೊಡ್ಡವರಾದ ಮೇಲೆ ಕಮ್ಯುನಿಟಿ ಕಾಲೇಜೊಂದರ ಸಂಜೆಯ ತರಗತಿಗೆ ಸೇರಿದೆ. ಅಲ್ಲಿ ‘ರೆಟರಿಕ್’ ಎಂಬ ವಾಗ್ಮಿತೆಯ ಶಾಸ್ತ್ರ ಎದುರಾಯಿತು. ಅಧ್ಯಾಪಕಿಯವರು ಮೊದಲು ಓದಲು ಕೊಟ್ಟದ್ದು ಪ್ಲೇಟೋನ ‘ಗಾರ್ಜಿಯಸ್’ ಸಂವಾದ. ಅದರಲ್ಲಿ ಸಾಕ್ರೆಟಿಸನು ಈ ವಿದ್ಯೆಯನ್ನು ಅಡುಗೆಗೆ ಹೋಲಿಸಿ, ನಾಲಗೆಯನ್ನು ಓಲೈಸುವ ಕೈಚಳಕವೆಂದು ಹಳಿಯುತ್ತಾನೆ. ಅಡುಗೆಮನೆಯಲ್ಲಿ ವರುಷಗಳನ್ನು ಸವೆಸಿದ ನನಗೆ ನಗು ಬಂದಿತು! ಪ್ಲೇಟೋನ ಶಿಷ್ಯ ಅರಿಸ್ಟಾಟಲನಾದರೋ ಈ ವಿದ್ಯೆಗೆ ಶಾಸ್ತ್ರದ ಸ್ಥಾನವಿತ್ತನು. ಹೇಳುವವನ ಶೀಲ, ಕೇಳುವವರ ಭಾವ, ಮಾತಿನ ತರ್ಕ, ಈ ಮೂರರಿಂದ ಮನವೊಲಿಸಬಹುದೆಂದ ಆತ, ತರುಣರ ಹಾಗೂ ವೃದ್ಧರ ಸ್ವಭಾವಗಳನ್ನು ಬೇರೆಬೇರೆಯಾಗಿ ವರ್ಣಿಸಿದ್ದಾನೆ.

ಅನಂತರದ ಪಾಠ, ಮಾರ್ಟಿನ್ ಲೂಥರ್ ಕಿಂಗ್ ಅವರು 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರ. ಚಳವಳಿಗೆ ಇದು ಕಾಲವಲ್ಲವೆಂದ 8 ಮಂದಿ ಬಿಳಿಯ ಧರ್ಮಗುರುಗಳಿಗೆ ಅವರು ಉತ್ತರವನ್ನು ವೃತ್ತಪತ್ರಿಕೆಯ ಅಂಚುಗಳಲ್ಲಿ ಬರೆಯತೊಡಗಿದರು. ವಿರೋಧಿಗಳನ್ನು ಬಂಧುಗಳಂತೆ ಸಂಬೋಧಿಸಿ, ಅವರೇ ಪೂಜ್ಯರೆಂದು ನಂಬಿದವರ ಮಾತುಗಳಿಂದಲೇ ವಾದಿಸಿದರು. ಅಲ್ಲಿ 300ಕ್ಕೂ ಮಿಕ್ಕಿದ ಪದಗಳ ಒಂದೇ ವಾಕ್ಯವಿದೆ. ಕಪ್ಪು ಮಕ್ಕಳಿಗೆ ಪ್ರವೇಶವಿಲ್ಲದ ವಿನೋದವನಕ್ಕೆ ತಾನೇಕೆ ಹೋಗಬಾರದೆಂದು ಕೇಳುವ 6 ವರ್ಷದ ಮಗಳಿಗೆ ತಂದೆಯ ನಾಲಗೆ ತಡವರಿಸುವ ಚಿತ್ರವು ಅದರಲ್ಲಿದೆ. ಓದುತ್ತ ನನ್ನ ಕಣ್ಣು ತೇವವಾಯಿತು. ಇದು ಒಡವೆಯಲ್ಲ, ಕೇಳುವವರ ಎದೆಗೆ ಹಾಕಿದ ಸೇತುವೆ ಎಂದು ಆಗ ತಿಳಿಯಿತು.

ಜೊತೆಗೇ ನನ್ನ ಮಗಳು ನೆನಪಾದಳು. ಹದಿಮೂರನೆಯ ವಯಸ್ಸಿನಲ್ಲಿ ಅವಳು ಕನ್ನಡ ತರಗತಿಯನ್ನು ಬಿಟ್ಟಾಗ ನಾನು ಗದರಿಸಿದೆ, ಅತ್ತೆ, ಸಾವಿರ ವರ್ಷಗಳ ಸಾಹಿತ್ಯದ ಹಿರಿಮೆಯನ್ನು ಕೊಂಡಾಡಿದೆ. ಏಕೆ ಬಿಟ್ಟೆ ಮಗಳೇ ಎಂದು ಮಾತ್ರ ಕೇಳಲಿಲ್ಲ.

ಆ ರಾತ್ರಿ ಹಳೆಯ ‘ಕವಿರಾಜಮಾರ್ಗ’ವನ್ನು ಮತ್ತೆ ತೆರೆದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರನ್ನು ಕವಿ ಎರಡು ಗುಣಗಳಿಗಾಗಿ ಮೆಚ್ಚುತ್ತಾನೆ: ಹದವರಿತು ನುಡಿಯಬಲ್ಲರು, ನುಡಿದುದನ್ನು ಅರಿತು ವಿಚಾರಿಸಬಲ್ಲರು. ಪರೀಕ್ಷೆಯಲ್ಲಿ ಎರಡನ್ನೂ ಬರೆದಿದ್ದೆ. ಮನೆಯಲ್ಲಿ ಎರಡನೆಯದನ್ನು ಮರೆತಿದ್ದೆ. ಮರುದಿನ ಮಗಳಿಗೆ ದೂರವಾಣಿ ಮಾಡಿ, ಆ ಹಳೆಯ ಪ್ರಶ್ನೆಯನ್ನು ಕೇಳಿ, ಬಹಳ ಹೊತ್ತು ಸುಮ್ಮನೆ ಆಲಿಸಿದೆ.