ಇಳಕಲ್ಲ ಸೀಮೆಯ ಸುಂಕದ ಗಡಿ

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ಕನ್ನಡನಾಡಿನಲ್ಲಿ ನಿಷ್ಕಾರಣವಾಗಿ ಹುಟ್ಟಿದ್ದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳ ಹೆಸರುಗಳು ಮೇಲಿಂದ ಮೇಲೆ ಬರುವವು. ಹುನಗುಂದ ಸೀಮೆಯ ಐಹೊಳೆಯ ಹೆಸರನ್ನೇ ಧರಿಸಿದ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘವು ಇಂತಹ ಸುಂಕಗಳ ನಡುವೆಯೇ ದಕ್ಷಿಣಾಪಥದಲ್ಲೆಲ್ಲ ಸಂಚರಿಸುತ್ತಿದ್ದಿತು. ಸುಂಕವು ರಾಜಧರ್ಮಕ್ಕೆ ವಿರುದ್ಧವಾದುದಲ್ಲ. ಆದರೆ ಅದಕ್ಕೆ ಮರ್ಯಾದೆಯಿರಬೇಕು. ವಿವಾಹಕ್ಕೂ ಯಜ್ಞಕ್ಕೂ ಒಯ್ಯುವ ವಸ್ತುಗಳನ್ನು ಸುಂಕವಿಲ್ಲದೆ ಬಿಡಬೇಕೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿರುವನು.

1802ರಲ್ಲಿ ನಿಜಾಮನಿಗೂ ಇಂಗ್ಲೀಷ ಕಂಪನಿಗೂ ವ್ಯಾಪಾರದ ಒಡಂಬಡಿಕೆಯಾಗಿ, ಒಬ್ಬರ ಸೀಮೆಯಿಂದ ಮತ್ತೊಬ್ಬರ ಸೀಮೆಗೆ ಬರುವ ಸರಕಿಗೆ ನೂರಕ್ಕೆ 5ರಂತೆ ಸುಂಕವು ಗೊತ್ತಾಯಿತು. 1818ರಲ್ಲಿ ಪೇಶವೆಯ ರಾಜ್ಯವು ಅಳಿದು ಬಾಗಲಕೋಟೆ, ಬಾದಾಮಿ, ಹುನಗುಂದಗಳು ಕಂಪನಿಯ ವಶವಾದವು. ನೆರೆಯ ಕುಷ್ಟಗಿಯು ನಿಜಾಮನ ಸೀಮೆಯಲ್ಲಿತ್ತು. 1838ರಲ್ಲಿ ಮುಂಬಯಿ ಇಲಾಖೆಯೊಳಗಿನ ಸರಕಾರೀ ದಾರಿಸುಂಕವು ರದ್ದಾಯಿತು. ಇದರ ವೈಚಿತ್ರ್ಯವನ್ನು ವಾಚಕರು ಲಕ್ಷಿಸಬೇಕು. ದೂರದ ಮುಂಬಯಿಯಿಂದ ಇಳಕಲ್ಲಿಗೆ ಬರುವ ನೂಲಿಗೆ ದಾರಿಯಲ್ಲಿ ಇಲ್ಲದ ಸುಂಕವು, ಇಳಕಲ್ಲಿನಿಂದ ಕೆಲವೇ ಹರದಾರಿಯ ಕುಷ್ಟಗಿಗೆ ಹೋಗುವ ಸೀರೆಗೆ ಇದ್ದಿತು! ನಿಜಾಮನ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ನೂರು ರೂಪಾಯಿಯ ಸರಕಿಗೆ ಐದು ರೂಪಾಯಿಯು ಅಲ್ಪವೆಂದು ತೋರಬಹುದು. ಆದರೆ ಆ ಹಣವು ಮೊದಲು ವರ್ತಕನ ಚೀಲದಿಂದ ಸಂದರೂ, ಬೆಲೆಯೊಡನೆ ಕೂಡಿ ಕಡೆಗೆ ಉಡುವವಳ ಮೇಲೆಯೇ ಬೀಳುವದು. ಬೆಲೆ ಏರಿ ಗಿರಾಕಿ ಕಡಿಮೆಯಾದರೆ ಮಗ್ಗದ ಮುಂದೆ ಕುಳಿತವನ ಕೂಲಿಗೆ ತಗಲುವದು. ಗಡಿಯ ಈಚೆಗೂ ಆಚೆಗೂ ಮಾತು ಒಂದೇ, ಉಡಿಗೆ ಒಂದೇ, ಬೀಗತನವೂ ಒಂದೇ. ಸುಂಕದ ದೃಷ್ಟಿಗೆ ಮಾತ್ರ ಆಚೆಯದು ಪರದೇಶ.

1948ರಲ್ಲಿ ನಿಜಾಮನ ಆಳಿಕೆಯು ಮುಗಿಯಿತು. 1950ರ ರಾಜ್ಯಘಟನೆಯ 301ನೆಯ ಕಲಮು ಭಾರತದೊಳಗಿನ ವ್ಯಾಪಾರವು ಮುಕ್ತವೆಂದು ಸಾರಿದರೂ, ಹೈದರಾಬಾದದಂತಹ ಸಂಸ್ಥಾನಗಳಿಗಾಗಿ 306ನೆಯ ಕಲಮು ಕೆಲಕಾಲದ ವಿನಾಯಿತಿಗೆ ಎಡೆಗೊಟ್ಟಿತ್ತು. 1956ರ ನವೆಂಬರ 1ರಂದು ಆ ಕಲಮು ಘಟನೆಯಿಂದ ಹೊರಬಿದ್ದಿತು. ಅದೇ ದಿನ ವಿಜಾಪುರ ಮತ್ತು ರಾಯಚೂರು ಜಿಲ್ಲೆಗಳು ಒಂದೇ ರಾಜ್ಯದಲ್ಲಿ ಕೂಡಿದವು. ಏಕೀಕರಣವನ್ನು ಭಾಷೆಯ ಗೆಲುವೆಂದು ಕೊಂಡಾಡುವದು ಯುಕ್ತವೇ. ಆದರೆ ಇಳಕಲ್ಲಿನ ನೇಕಾರನಿಗೂ ಕುಷ್ಟಗಿಯ ಗರತಿಗೂ ಅದು ಸಂತೆಯ ದಾರಿಯ ಗೆಲುವೂ ಆಗಿತ್ತೆಂಬುದನ್ನು ನಾಡು ಮರೆಯಲಾಗದು.